ಮಗುವಿನ ರಿಫ್ಲೆಕ್ಸ್ ಮತ್ತು ಬ್ಯಾಲೆನ್ಸ್ ಪರೀಕ್ಷೆ: ಪದೇ ಪದೇ ಕೇಳುವ ಪ್ರಶ್ನೆಗಳು

ಬಾಗಲಕೋಟೆ, ಬಾದಾಮಿ, ಹುನಗುಂದ, ಬೀಳಗಿ, ಮುಧೋಳ ಕಡೆಯಿಂದ ಮಗುವನ್ನು ಎತ್ತಿಕೊಂಡು ಆಕ್ಯುಪೇಷನಲ್ ಥೆರಪಿಗೆ (ಉಣ್ಣುವುದು, ಆಡುವುದು, ಬರೆಯುವುದು ಇಂಥ ದಿನದ ಕೆಲಸಗಳನ್ನು ತಾವೇ ಮಾಡಿಕೊಳ್ಳಲು ನೆರವಾಗುವ ಚಿಕಿತ್ಸೆ) ಬರುವ ಅಪ್ಪ, ಅವ್ವ, ಅಜ್ಜಿಯರು ನನ್ನನ್ನು ಕೇಳುವ ಪ್ರಶ್ನೆಗಳು ಇವು. ಬೆಳಿಗ್ಗೆ ಬಸ್ ಹಿಡಿದು ಬಂದು, ಪರೀಕ್ಷೆ ಮಾಡಿಸಿಕೊಂಡು, "ಏನು ನೋಡಿದರೋ ಏನೋ" ಅಂತ ಯಾರೂ ವಾಪಸ್ ಹೋಗಬಾರದು. ಅದಕ್ಕೇ ಬರೆದಿದ್ದೇನೆ.

ಮಗುವಿನ ಅಂಗೈಯಲ್ಲಿ ಬೆರಳು ಇಡ್ತೀರಿ, ತಲೆ ಆ ಕಡೆ ಈ ಕಡೆ ತಿರುಗಿಸ್ತೀರಿ. ಇದರಿಂದ ಏನು ಗೊತ್ತಾಗುತ್ತೆ?

ಹುಟ್ಟಿದ ಮಗುವಿನ ಕೆನ್ನೆ ಮುಟ್ಟಿದರೆ ಆ ಕಡೆಗೆ ಬಾಯಿ ತಿರುಗಿಸುತ್ತದೆ. ಅಂಗೈಯಲ್ಲಿ ಬೆರಳಿಟ್ಟರೆ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಇದನ್ನು ಅದಕ್ಕೆ ಯಾರೂ ಕಲಿಸಿಲ್ಲ. ಮೆದುಳಿನ ಕೆಳಭಾಗ ಮತ್ತು ಬೆನ್ನುಹುರಿ ತಾವಾಗಿಯೇ ಮಾಡಿಸುವ ಚಲನೆಗಳು ಇವು. ಇವನ್ನೇ ಪ್ರಿಮಿಟಿವ್ ರಿಫ್ಲೆಕ್ಸ್ ಅನ್ನುತ್ತೇವೆ. ಮೆದುಳಿನ ಮೇಲ್ಭಾಗ ಬೆಳೆದ ಹಾಗೆ ಅದು ಚುಕ್ಕಾಣಿ ಹಿಡಿಯುತ್ತದೆ, ಮಗು ತನಗೆ ಬೇಕಾದಾಗ ಹಿಡಿಯುತ್ತದೆ, ಬೇಡವಾದಾಗ ಬಿಡುತ್ತದೆ. ಹಳೆಯ ರಿಫ್ಲೆಕ್ಸ್ ಹಿಂದೆ ಸರಿಯುತ್ತದೆ.

ನಾವು ಮೂರು ವಿಷಯ ನೋಡುತ್ತೇವೆ. ಇರಬೇಕಾದ ವಯಸ್ಸಿನಲ್ಲಿ ಅದು ಇದೆಯಾ? ಎಡಕ್ಕೂ ಬಲಕ್ಕೂ ಒಂದೇ ರೀತಿ ಇದೆಯಾ? ಹೋಗಬೇಕಾದ ಹೊತ್ತಿಗೆ ಹೋಗಿದೆಯಾ? ಮೂರರಲ್ಲಿ ಎಡ-ಬಲದ ವ್ಯತ್ಯಾಸಕ್ಕೆ ನಾನು ತುಂಬ ಮಹತ್ವ ಕೊಡುತ್ತೇನೆ. ವಯಸ್ಸಿನ ಲೆಕ್ಕ ಮಗುವಿಂದ ಮಗುವಿಗೆ ಸ್ವಲ್ಪ ಹಿಂದೆ ಮುಂದೆ ಆಗಬಹುದು. ಒಂದು ಕೈ ಆಡುತ್ತದೆ, ಇನ್ನೊಂದು ಆಡುವುದಿಲ್ಲ ಅಂದರೆ ಅದಕ್ಕೆ ಕಾರಣ ಹುಡುಕಲೇಬೇಕು.

ಯಾವುದು ಯಾವ ತಿಂಗಳಿಗೆ ಹೋಗಬೇಕು?

ಹೆಜ್ಜೆ ಹಾಕಿದಂತೆ ಕಾಲು ಎತ್ತಿಡುವುದು ಸುಮಾರು 2 ತಿಂಗಳಿಗೆ ನಿಲ್ಲುತ್ತದೆ. ಕೆನ್ನೆ ಮುಟ್ಟಿದರೆ ಬಾಯಿ ತಿರುಗಿಸುವುದು 4 ತಿಂಗಳ ಆಸುಪಾಸಿಗೆ ಕಡಿಮೆಯಾಗುತ್ತದೆ. ಬೆಚ್ಚಿ ಕೈ ಚಾಚುವ ಮೋರೋ, ತಲೆ ತಿರುಗಿಸಿದ ಕಡೆ ಕೈ ನೆಟ್ಟಗಾಗುವ ಎಟಿಎನ್‌ಆರ್, ಅಂಗೈ ಹಿಡಿತ, ಬೆನ್ನಿನ ಪಕ್ಕ ಸವರಿದರೆ ಸೊಂಟ ಆ ಕಡೆ ಬಾಗುವ ಗ್ಯಾಲಂಟ್, ಇವೆಲ್ಲ 4ರಿಂದ 6 ತಿಂಗಳೊಳಗೆ. ಅಂಗಾಲಿನ ಹಿಡಿತ ಮಾತ್ರ 9ರಿಂದ 12 ತಿಂಗಳ ತನಕ ಇರಬಹುದು. ತಲೆ ಬಗ್ಗಿಸಿದರೆ ಎರಡೂ ಕೈ ಮಡಚುವ ಎಸ್‌ಟಿಎನ್‌ಆರ್ ಅನ್ನುವುದು ತಡವಾಗಿ, 6ರಿಂದ 8 ತಿಂಗಳಿಗೆ ಕಾಣಿಸಿಕೊಂಡು ವರ್ಷದೊಳಗೆ ಹೋಗುತ್ತದೆ.

ಇದನ್ನು ಕ್ಯಾಲೆಂಡರ್ ಪಕ್ಕ ಬರೆದಿಟ್ಟುಕೊಂಡು ದಿನಾ ತಾಳೆ ನೋಡಬೇಡಿ. ಒಂದು ರಿಫ್ಲೆಕ್ಸ್ ಎರಡು ವಾರ ಜಾಸ್ತಿ ಉಳಿದರೆ ಏನೂ ಆಗುವುದಿಲ್ಲ.

ಮಗು ತಿಂಗಳು ತುಂಬದೆ ಹುಟ್ಟಿದೆ. ಅದಕ್ಕೂ ಇದೇ ಲೆಕ್ಕನಾ?

ಅಲ್ಲ. 2 ತಿಂಗಳು ಮೊದಲೇ ಹುಟ್ಟಿದ ಮಗುವಿಗೆ ಈಗ 6 ತಿಂಗಳು ಅಂದರೆ ನಾವು 4 ತಿಂಗಳ ಮಗು ಅಂತ ಲೆಕ್ಕ ಹಿಡಿಯುತ್ತೇವೆ. ಸಾಮಾನ್ಯವಾಗಿ 2 ವರ್ಷದ ತನಕ ಹೀಗೇ. ಅದಕ್ಕೇ ತಾಯಿ ಕಾರ್ಡ್ ಮತ್ತು ಹೆರಿಗೆಯ ಡಿಸ್ಚಾರ್ಜ್ ಚೀಟಿ ತನ್ನಿ ಅಂತ ಹೇಳುವುದು. ಎಷ್ಟನೇ ವಾರಕ್ಕೆ ಹುಟ್ಟಿತು, ತೂಕ ಎಷ್ಟಿತ್ತು, ಹುಟ್ಟಿದ ತಕ್ಷಣ ಅತ್ತಿತಾ, ಕಾಮಾಲೆ ಆಗಿತ್ತಾ, ಎನ್‌ಐಸಿಯುನಲ್ಲಿ (ಹಸುಗೂಸುಗಳ ತೀವ್ರ ನಿಗಾ ಘಟಕ) ಇಟ್ಟಿದ್ದರಾ ಅನ್ನೋದು ಅದರಲ್ಲಿ ಇರುತ್ತದೆ.

ಮೋರೋ ಟೆಸ್ಟಿನಲ್ಲಿ ಮಗುವಿನ ತಲೆಯನ್ನು ಹಿಂದಕ್ಕೆ ಬಿಡ್ತಾರೆ. ನೋಡಿದರೆ ನಮಗೇ ಎದೆ ಝಲ್ ಅನ್ನುತ್ತೆ. ಮಗುವಿಗೆ ತೊಂದರೆ ಆಗಲ್ವಾ?

ತಲೆಯನ್ನು ನಾವು ಬಿಡುವುದೇ ಇಲ್ಲ. ಒಂದು ಕೈ ಬೆನ್ನ ಕೆಳಗೆ, ಇನ್ನೊಂದು ತಲೆಯ ಕೆಳಗೆ ಇರುತ್ತದೆ. ತಲೆಯ ಕೆಳಗಿನ ಕೈಯನ್ನು ಸ್ವಲ್ಪವೇ, ಥಟ್ಟನೆ ಇಳಿಸುತ್ತೇವೆ, ತಲೆ ಅದೇ ಕೈಯಲ್ಲೇ ಇರುತ್ತದೆ. ಮಗು ಎರಡೂ ಕೈ ಅಗಲಿಸಿ ಬೆರಳು ಬಿಡಿಸುತ್ತದೆ, ಆಮೇಲೆ ಅಪ್ಪಿಕೊಳ್ಳುವ ಹಾಗೆ ಎದೆಯ ಕಡೆ ತರುತ್ತದೆ, ಹೆಚ್ಚಾಗಿ ಅಳುತ್ತದೆ. ಆ ಅಳು ಅವ್ವ ಎತ್ತಿಕೊಂಡರೆ ನಿಲ್ಲುತ್ತದೆ. ಇದನ್ನು 1918ರಲ್ಲಿ ವಿವರಿಸಿ ಬರೆದವರು ಅರ್ನ್ಸ್ಟ್ ಮೋರೋ ಅನ್ನುವ ಮಕ್ಕಳ ವೈದ್ಯರು. ಹೆಸರು ಅವರದೇ.

ಹೆರಿಗೆ ಕಷ್ಟವಾಗಿ, ಭುಜ ಸಿಕ್ಕಿಹಾಕಿಕೊಂಡು ಹುಟ್ಟಿದ ಮಗುವಿನಲ್ಲಿ ಈ ಟೆಸ್ಟ್ ತುಂಬ ಉಪಯೋಗಕ್ಕೆ ಬರುತ್ತದೆ. ಒಂದೇ ಕೈ ಅಗಲಿ ಇನ್ನೊಂದು ಜೋತುಬಿದ್ದರೆ, ಭುಜದ ನರಕ್ಕೆ ಪೆಟ್ಟಾಗಿರಬಹುದು ಅಥವಾ ಕಾಲರ್ ಮೂಳೆ ಮುರಿದಿರಬಹುದು. ಬೇಗ ಗೊತ್ತಾದರೆ ಕೈಯನ್ನು ಹೇಗೆ ಹಿಡಿಯಬೇಕು, ಹೇಗೆ ಮಲಗಿಸಬೇಕು, ಅಂಗಿ ಹಾಕುವಾಗ ಯಾವ ಕೈ ಮೊದಲು ಅನ್ನುವುದನ್ನು ಮೊದಲ ವಾರಗಳಲ್ಲೇ ಕಲಿಸಬಹುದು. (ನೋವಿರುವ ಕೈಯನ್ನೇ ಮೊದಲು ತೋಳಿಗೆ ಹಾಕಿ, ಬಿಚ್ಚುವಾಗ ಅದನ್ನು ಕೊನೆಗೆ.)

ನಿದ್ದೆಯಲ್ಲಿ ಬೆಚ್ಚಿ ಬೀಳುತ್ತೆ. ಅಜ್ಜಿ ದೃಷ್ಟಿ ತೆಗೆದರು, ಆದರೂ ನಿಂತಿಲ್ಲ.

ಮೊದಲ ತಿಂಗಳುಗಳಲ್ಲಿ ಬಾಗಿಲು ಬಡಿದ ಸದ್ದಿಗೋ, ತೊಟ್ಟಿಲಿಗೆ ಹಾಕುವಾಗಲೋ ಬೆಚ್ಚಿದರೆ ಅದು ಮೋರೋ. ಅದಕ್ಕೆ ಔಷಧಿ ಬೇಕಿಲ್ಲ. ಮಲಗಿಸುವಾಗ ಬೆನ್ನು ಮೊದಲು ತಾಗಲಿ, ತಲೆ ಆಮೇಲೆ, ಕೈಗಳನ್ನು ಎದೆಯ ಹತ್ತಿರ ಹಿಡಿದುಕೊಂಡೇ ಇಳಿಸಿ. ಅರ್ಧ ಬೆಚ್ಚುವಿಕೆ ಅಲ್ಲೇ ಕಡಿಮೆಯಾಗುತ್ತದೆ.

ಆದರೆ ಒಂದು ಮಾತನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ಸದ್ದು ಇಲ್ಲ, ಯಾರೂ ಮುಟ್ಟಿಲ್ಲ, ಆದರೂ ನಿದ್ದೆಯಿಂದ ಎದ್ದ ಮೇಲೆ ಮಗು ಕತ್ತು ಬಗ್ಗಿಸಿ ಕೈಕಾಲು ಸೆಟೆದುಕೊಳ್ಳುತ್ತದೆ, ಕೆಲವು ಸೆಕೆಂಡ್ ಬಿಟ್ಟು ಮತ್ತೆ, ಮತ್ತೆ, ಸಾಲಾಗಿ ಹಾಗೇ ಮಾಡುತ್ತದೆ ಅಂದರೆ ಅದು ಫಿಟ್ಸ್‌ನ ಒಂದು ಬಗೆ ಆಗಿರಬಹುದು. ಹೆಚ್ಚಾಗಿ 3ರಿಂದ 12 ತಿಂಗಳ ನಡುವೆ ಶುರುವಾಗುತ್ತದೆ. ಮೊದಲು ನಗುತ್ತಿದ್ದ ಮಗು ನಗುವುದನ್ನೂ ಬಿಡಬಹುದು. ಮೊಬೈಲಿನಲ್ಲಿ ವಿಡಿಯೋ ಮಾಡಿ, ಅದೇ ದಿನ ಮಕ್ಕಳ ಡಾಕ್ಟರಿಗೆ ತೋರಿಸಿ. ಇದರಲ್ಲಿ ವಾರಗಟ್ಟಲೆ ಕಾಯುವುದು ಮಗುವಿನ ಮೆದುಳಿಗೆ ನಷ್ಟ.

ಮಗುವಿಗೆ ಒಂದೂವರೆ ವರ್ಷ. ಎಟಿಎನ್‌ಆರ್ ಇನ್ನೂ ಹೋಗಿಲ್ಲ ಅಂದಿರಿ. ಅದು ಇದ್ದರೆ ಏನು ತೊಂದರೆ?

ಮಗುವನ್ನು ಅಂಗಾತ ಮಲಗಿಸಿ ತಲೆ ಬಲಕ್ಕೆ ತಿರುಗಿಸಿದರೆ ಬಲಗೈ ನೆಟ್ಟಗಾಗುತ್ತದೆ, ಎಡಗೈ ಮಡಚುತ್ತದೆ. ಕತ್ತಿವರಸೆಗೆ ನಿಂತ ಭಂಗಿ. 2 ತಿಂಗಳ ಮಗುವಿನಲ್ಲಿ ಇದು ಸಹಜ. ಆದರೆ ಆ ಭಂಗಿಯಲ್ಲೇ ಸಿಕ್ಕಿಹಾಕಿಕೊಂಡು ಬಿಡಿಸಿಕೊಳ್ಳಲು ಆಗದಿದ್ದರೆ ಯಾವ ವಯಸ್ಸಿನಲ್ಲೂ ಸಹಜವಲ್ಲ.

ಈಗ ಊಟದ ಹೊತ್ತು ನೋಡಿ. ಹಾಲಿನಲ್ಲಿ ನೆನೆಸಿದ ರೊಟ್ಟಿಯ ಚೂರು ಮಗುವಿನ ಬಲಗೈಯಲ್ಲಿದೆ. ಅದನ್ನು ನೋಡಲು ತಲೆ ಬಲಕ್ಕೆ ತಿರುಗಿತು. ತಿರುಗಿದ ಕೂಡಲೇ ಬಲಗೈ ನೆಟ್ಟಗಾಯಿತು, ರೊಟ್ಟಿ ಬಾಯಿಂದ ದೂರ ಹೋಯಿತು. ಬಾಯಿಗೆ ತರಬೇಕು ಅಂದರೆ ತಲೆಯನ್ನು ಆಚೆ ತಿರುಗಿಸಬೇಕು, ಆಗ ರೊಟ್ಟಿ ಕಾಣುವುದಿಲ್ಲ. ಮಗುವಿಗೆ ಹಸಿವೆ ಇದೆ, ಆಸೆ ಇದೆ, ಮೈ ಮಾತ್ರ ಕೇಳುವುದಿಲ್ಲ. "ತಿನ್ನೋಕೆ ಹಟ ಮಾಡ್ತಾನೆ" ಅಂತ ಮನೆಯವರು ಅಂದುಕೊಂಡಿರುತ್ತಾರೆ. ಮಗ್ಗಲು ಹೊರಳುವುದು, ಎರಡು ಕೈ ಎದೆ ಮುಂದೆ ಸೇರಿಸಿ ಗಿಲಕಿ ಆಡುವುದು, ಎಲ್ಲಕ್ಕೂ ಇದೇ ಅಡ್ಡಿ.

ಆಕ್ಯುಪೇಷನಲ್ ಥೆರಪಿಯ ಕೆಲಸ ಇಲ್ಲೇ ಶುರು. ಊಟ ಮಾಡಿಸುವವರು ಪಕ್ಕದಲ್ಲಿ ಕೂರದೆ ಎದುರಿಗೆ ಕೂರಬೇಕು. ತಲೆ ಮಧ್ಯದಲ್ಲಿ ನಿಲ್ಲುವ ಹಾಗೆ, ಗದ್ದ ಸ್ವಲ್ಪ ಕೆಳಗೆ ಇರುವ ಹಾಗೆ ಕುರ್ಚಿ ಹೊಂದಿಸಬೇಕು. ತಟ್ಟೆ, ಆಟಿಕೆ, ಮೊಬೈಲ್ ಎಲ್ಲ ನಡುವೆ. ಮಲಗಿಸುವಾಗ ಮಗ್ಗಲಾಗಿಸಿ, ಎರಡೂ ಕೈ ಮುಂದೆ ತಂದು ಆಡಿಸಿ, ಆದರೆ ನೀವು ಎಚ್ಚರವಾಗಿ ಪಕ್ಕದಲ್ಲೇ ಇರುವಾಗ ಮಾತ್ರ. ರಿಫ್ಲೆಕ್ಸ್ ನಿಂತಿತೋ ಇಲ್ಲವೋ ಅನ್ನುವುದಕ್ಕಿಂತ ಮಗು ಒಂದು ತುತ್ತನ್ನು ತಾನೇ ಬಾಯಿಗಿಟ್ಟಿತಾ ಅನ್ನುವುದು ನನಗೆ ಮುಖ್ಯ.

ರಿಫ್ಲೆಕ್ಸ್ ಉಳಿದಿದೆ ಅಂದರೆ ಸಿಪಿ ಅಂತಾನಾ?

ಒಂದು ಟೆಸ್ಟಿನಿಂದ ಯಾರೂ ಹಾಗೆ ಹೇಳಬಾರದು. ಸಿಪಿ, ಅಂದರೆ ಸೆರೆಬ್ರಲ್ ಪಾಲ್ಸಿ (ಬೆಳೆಯುವ ಮೆದುಳಿಗೆ ಪೆಟ್ಟಾಗಿ ಚಲನೆ, ಭಂಗಿಗೆ ತೊಂದರೆಯಾಗುವ ಸ್ಥಿತಿ) ಹೌದೋ ಅಲ್ಲವೋ ಅಂತ ಹೇಳಬೇಕಾದವರು ಮಕ್ಕಳ ಡಾಕ್ಟರ್ ಅಥವಾ ಮಕ್ಕಳ ನರರೋಗ ತಜ್ಞರು. ಅವರು ಮಗುವಿನ ಹೆರಿಗೆ ಚರಿತ್ರೆ, ಮೈಯ ಬಿಗುವು, ಬೇಕಾದರೆ ಎಂಆರ್‌ಐ ಎಲ್ಲ ನೋಡುತ್ತಾರೆ. 2ರಿಂದ 24 ತಿಂಗಳ ಮಕ್ಕಳಿಗೆ ಹ್ಯಾಮರ್‌ಸ್ಮಿತ್ ನರಪರೀಕ್ಷೆ ಇದೆ, 26 ಅಂಶ, ಒಟ್ಟು 78 ಅಂಕ. 3ರಿಂದ 5 ತಿಂಗಳ ಮಗು ತಾನಾಗಿ ಕೈಕಾಲು ಆಡಿಸುವುದನ್ನು ವಿಡಿಯೋದಲ್ಲಿ ನೋಡಿ ಅಂದಾಜು ಮಾಡುವ ಪದ್ಧತಿಯೂ ಇದೆ. ನಮ್ಮ ರಿಫ್ಲೆಕ್ಸ್ ವರದಿ ಇವುಗಳ ಜೊತೆಗೆ ಸೇರುವ ಒಂದು ತುಂಡು, ಅಷ್ಟೇ.

ಒಂದು ಸಮಾಧಾನದ ಮಾತು. ಥೆರಪಿ ಶುರು ಮಾಡಲು ಕಾಯಿಲೆಗೆ ಹೆಸರು ಸಿಗುವ ತನಕ ಕಾಯಬೇಕಿಲ್ಲ.

ಬ್ಯಾಲೆನ್ಸ್ ರಿಯಾಕ್ಷನ್ ಅಂದರೇನು? ಅದನ್ನು ಹೇಗೆ ನೋಡ್ತೀರಿ?

ಹಳೆಯ ರಿಫ್ಲೆಕ್ಸ್ ಹಿಂದೆ ಸರಿದ ಹಾಗೆ ಇವು ಬರುತ್ತವೆ, ಬಂದ ಮೇಲೆ ಜೀವನಪೂರ್ತಿ ಇರುತ್ತವೆ. ನೀವು ಬಸ್ಸಿನಲ್ಲಿ ನಿಂತಾಗ ಡ್ರೈವರ್ ಬ್ರೇಕ್ ಹಾಕಿದರೆ ಯೋಚಿಸದೆ ಕಾಲು ಮುಂದಿಡುತ್ತೀರಲ್ವಾ, ಅದೇ.

ಕೂರಲು ಬರುವ ಮಗುವನ್ನು ದೊಡ್ಡ ಚೆಂಡಿನ ಮೇಲೋ ನನ್ನ ತೊಡೆಯ ಮೇಲೋ ಕೂರಿಸಿಕೊಂಡು ನಿಧಾನವಾಗಿ ಎಡಕ್ಕೆ ವಾಲಿಸುತ್ತೇನೆ. ಆಗ ನಾನು ನೋಡುವುದು ಮಗುವಿನ ಕಣ್ಣುಗಳನ್ನು. ಮೈ ವಾಲಿದರೂ ಕಣ್ಣುಗಳ ಸಾಲು ನೆಲಕ್ಕೆ ಸಮನಾಗಿ ಉಳಿಯಿತಾ? ಅಂದರೆ ತಲೆ ನೇರ ಮಾಡಿಕೊಂಡಿತು. ಆಮೇಲೆ ಬೆನ್ನು ಬಲಕ್ಕೆ ಬಾಗುತ್ತದೆ, ಬಲಗೈ ಬಲಗಾಲು ಹೊರಗೆ ಚಾಚುತ್ತವೆ. ವೇಗ ಸ್ವಲ್ಪ ಜಾಸ್ತಿ ಮಾಡಿದರೆ ಇವು ಸಾಲುವುದಿಲ್ಲ, ಎಡಗೈ ಬೀಳುವ ಕಡೆ ಊರಿಕೊಳ್ಳುತ್ತದೆ. ಮೊದಲು ಮುಂದಕ್ಕೆ ಕೈ ಊರುವುದು ಬರುತ್ತದೆ, ಆಮೇಲೆ ಪಕ್ಕಕ್ಕೆ, 9-10 ತಿಂಗಳ ಹೊತ್ತಿಗೆ ಹಿಂದಕ್ಕೆ. ಅದಕ್ಕೇ ಹೊಸದಾಗಿ ಕೂರುವ ಮಕ್ಕಳು ಹಿಂದಕ್ಕೆ ಧೊಪ್ಪನೆ ಬೀಳುವುದು. ಹಿಂದೆ ಒಂದು ಕೌದಿ ಮಡಚಿ ಹಾಕಿಡಿ.

ಪ್ಯಾರಾಶೂಟ್ ಅನ್ನುವ ಟೆಸ್ಟ್ ಇನ್ನೊಂದು. ಮಗುವಿನ ಸೊಂಟ ಭದ್ರವಾಗಿ ಹಿಡಿದು, ಬೋರಲು ಎತ್ತಿ, ಚಾಪೆಯ ಕಡೆಗೆ ಬೇಗನೆ ಇಳಿಸುತ್ತೇವೆ. 6ರಿಂದ 9 ತಿಂಗಳ ನಡುವೆ ಮಗು ಎರಡೂ ಕೈ ಮುಂದೆ ಚಾಚಿ, ಬೆರಳು ಬಿಡಿಸಿ, ನೆಲ ಹಿಡಿಯಲು ಸಿದ್ಧವಾಗುತ್ತದೆ. ಒಂದು ಕೈ ಚಾಚಿ ಇನ್ನೊಂದು ಮುಷ್ಟಿಯಾಗೇ ಉಳಿದರೆ ಆ ಮಗುವನ್ನು ನಾನು ಹಾಗೇ ಮನೆಗೆ ಕಳಿಸುವುದಿಲ್ಲ, ಡಾಕ್ಟರಿಗೆ ಚೀಟಿ ಬರೆಯುತ್ತೇನೆ.

ನಿಂತು ಓಡಾಡುವ ಮಕ್ಕಳಿಗೆ ಒಂಟಿ ಕಾಲಿನ ಮೇಲೆ ನಿಲ್ಲಿಸುವುದು, ಗೆರೆಯ ಮೇಲೆ ಹಿಮ್ಮಡಿಗೆ ಬೆರಳು ತಾಗಿಸಿ ನಡೆಸುವುದು, ಕಣ್ಣು ಮುಚ್ಚಿಸಿ ನಿಲ್ಲಿಸುವುದು. 5 ವರ್ಷಕ್ಕೆ ಸುಮಾರು 10 ಸೆಕೆಂಡ್ ಒಂಟಿ ಕಾಲಲ್ಲಿ ನಿಲ್ಲುವುದು ಬರಬೇಕು. ಅಂಕ ಬೇಕಾದರೆ ಪೀಡಿಯಾಟ್ರಿಕ್ ಬ್ಯಾಲೆನ್ಸ್ ಸ್ಕೇಲ್ ಇದೆ, 14 ಕೆಲಸ, 56 ಅಂಕ. ನಾನಂತೂ ಕುಂಟಬಿಲ್ಲೆ ಆಡಿಸಿ ನೋಡುವುದನ್ನೂ ಬಿಡುವುದಿಲ್ಲ. ಬಾಗಿ ಬಿಲ್ಲೆ ಎತ್ತಿಕೊಳ್ಳುವ ಒಂದು ಕ್ಷಣದಲ್ಲಿ ಎಷ್ಟೋ ಗೊತ್ತಾಗುತ್ತದೆ.

ನಮ್ಮ ಮಗು ಅಂಬೆಗಾಲು ಇಡಲೇ ಇಲ್ಲ, ಸೀದಾ ನಡೆಯಿತು. ಮುಂದೆ ಓದಿಗೆ ತೊಂದರೆ ಆಗುತ್ತಂತೆ ಹೌದಾ?

ಇಲ್ಲ. ಭಾರತ ಸೇರಿ 5 ದೇಶಗಳ ಮಕ್ಕಳನ್ನು ನೋಡಿ ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನೂರಕ್ಕೆ ನಾಲ್ಕು ಮಕ್ಕಳು ಕೈ-ಮಂಡಿ ಊರಿ ಅಂಬೆಗಾಲು ಇಡಲೇ ಇಲ್ಲ, ಆದರೂ ನಡೆದರು. ಕುಂಡಿ ಮೇಲೆ ತೆವಳುವ ಮಕ್ಕಳೂ ಇದ್ದಾರೆ. ಆದರೆ ತೆವಳುವಾಗ ಒಂದೇ ಕೈ, ಒಂದೇ ಕಾಲು ಎಳೆಯುತ್ತದೆ ಅಂದರೆ, ಅಥವಾ ವರ್ಷ ತುಂಬುವ ಮೊದಲೇ ಎಲ್ಲದಕ್ಕೂ ಒಂದೇ ಕೈ ಬಳಸುತ್ತದೆ ಅಂದರೆ ತೋರಿಸಿ. "ಎಡಚ ಆಗ್ತಾನೆ ಬಿಡಿ" ಅಂತ ಸುಮ್ಮನಾಗಬೇಡಿ.

ಗಂಡುಮಕ್ಕಳು ತಡವಾಗಿ ನಡೀತಾರೆ, ಕಾಯಿರಿ ಅಂತ ಹಿರಿಯರು ಹೇಳ್ತಾರೆ.

ಅದೇ ಅಧ್ಯಯನದಲ್ಲಿ ಮಕ್ಕಳು ಆಸರೆಯಿಲ್ಲದೆ ಕೂತಿದ್ದು ಸುಮಾರು 4ರಿಂದ 9 ತಿಂಗಳಲ್ಲಿ, ತಾವೇ ನಡೆದಿದ್ದು 8ರಿಂದ 18 ತಿಂಗಳಲ್ಲಿ. ಅಷ್ಟು ಅಗಲದ ಕಾಲಾವಕಾಶ ಗಂಡಿಗೂ ಹೆಣ್ಣಿಗೂ ಈಗಾಗಲೇ ಕೊಟ್ಟಾಗಿದೆ. 9 ತಿಂಗಳಿಗೆ ಕೂರದಿದ್ದರೆ, 18 ತಿಂಗಳಿಗೆ ನಡೆಯದಿದ್ದರೆ ಇನ್ನೂ ಕಾಯಬೇಡಿ. 4 ತಿಂಗಳಾದರೂ ತಲೆ ನಿಲ್ಲದಿದ್ದರೆ, ಮೈ ಹಲಗೆಯಂತೆ ಸೆಟೆದಿದ್ದರೆ ಅಥವಾ ತೀರಾ ಸಡಿಲವಾಗಿದ್ದರೆ, ಕಲಿತದ್ದನ್ನು ಮಗು ಮರೆಯುತ್ತಿದ್ದರೆ ಕೂಡಲೇ ಬನ್ನಿ. ಹಿರಿಯರ ಮಾತಿಗೆ ನನಗೆ ಗೌರವವಿದೆ. ಅವರನ್ನೂ ಜೊತೆಗೆ ಕರೆತನ್ನಿ, ಎದುರಿಗೇ ತೋರಿಸಿ ಹೇಳುತ್ತೇನೆ.

ವಾಕರ್ ಕೊಡಿಸಬಹುದಾ?

ಬೇಡ. ಕೆನಡಾ ದೇಶ 2004ರಲ್ಲೇ ಬೇಬಿ ವಾಕರ್ ಮಾರಾಟ ನಿಷೇಧಿಸಿದೆ. ಅದರಲ್ಲಿ ಕೂತ ಮಗು ಮೆಟ್ಟಿಲು, ಒಲೆ, ಬಿಸಿನೀರಿನ ಹತ್ತಿರ ಕ್ಷಣದಲ್ಲಿ ಹೋಗಿಬಿಡುತ್ತದೆ, ವಾಕರ್ ಬ್ಯಾಲೆನ್ಸ್ ಕಲಿಯುವ ಕೆಲಸವನ್ನು ಮಗುವಿನಿಂದ ಕಿತ್ತುಕೊಳ್ಳುತ್ತದೆ.

ಮನೆಯಲ್ಲೇ ಟೆಸ್ಟ್ ಮಾಡಿ ನೋಡಬಹುದಾ? ಯೂಟ್ಯೂಬಿನಲ್ಲಿ ತೋರಿಸ್ತಾರೆ.

ತಲೆ ಇಳಿಸುವುದು, ಬೋರಲು ಎತ್ತಿ ಇಳಿಸುವುದು ಬೇಡವೇ ಬೇಡ. ನಿಮ್ಮ ಕೆಲಸ ನೋಡುವುದು. ಮಗು ಎಚ್ಚರವಿದ್ದಾಗ ನೆಲದ ಮೇಲೆ ಕೌದಿ ಹಾಸಿ ಬೋರಲು ಹಾಕಿ, ಎದುರಿಗೆ ನೀವೂ ಮಲಗಿ ಮಾತಾಡಿಸಿ. ಇನ್ನೂ ತೆವಳಲು ಬರದ ಮಕ್ಕಳಿಗೆ ದಿನಕ್ಕೆ ಒಟ್ಟು 30 ನಿಮಿಷವಾದರೂ ಹೀಗೆ ಬೋರಲು ಆಡಿಸಿ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಒಂದೇ ಸಲ ಬೇಕಿಲ್ಲ, ಎರಡೆರಡು ನಿಮಿಷದಿಂದ ಶುರು ಮಾಡಿ. ನಿದ್ದೆಗೆ ಮಾತ್ರ ಅಂಗಾತವೇ.

ಎಣ್ಣೆ ಹಚ್ಚಿ ಎರೆಯುವಾಗ ಅಜ್ಜಿ ಕೈಕಾಲು ಎಳೆದು ಮಡಚುತ್ತಾರೆ. ಸರಿನಾ?

ಕಾಲು ಚಾಚಿ ಕೂತು, ಮಗುವನ್ನು ಕಾಲ ಮೇಲೆ ಹಾಕಿಕೊಂಡು ಎಣ್ಣೆ ಹಚ್ಚುವುದು ಚೆಂದದ ಪದ್ಧತಿ. ಮಗುವಿಗೆ ಸ್ಪರ್ಶ ಸಿಗುತ್ತದೆ, ಅಜ್ಜಿಯ ಮುಖ ಹತ್ತಿರದಿಂದ ಕಾಣುತ್ತದೆ. ಎರಡು ಕೈಯನ್ನು ಎದೆಯ ಮೇಲೆ ಮೃದುವಾಗಿ ಕೂಡಿಸಿ ಬಿಡಿಸುವುದೂ ಒಳ್ಳೆಯದೇ. ಜೋರಾಗಿ ಎಳೆಯುವುದು, ಕಾಲು ಹಿಡಿದು ತಲೆಕೆಳಗು ಮಾಡುವುದು, ಮೂಗು ಕಿವಿಗೆ ಎಣ್ಣೆ ಬಿಡುವುದು ಬೇಡ. ಮೈ ಬಿಗಿಯಿರುವ ಮಗುವನ್ನು ಜೋರಾಗಿ ಎಳೆದರೆ ಬಿಗುವು ಇನ್ನೂ ಹೆಚ್ಚುತ್ತದೆ.

ಪಂಚಮಿ ಜೋಕಾಲಿ ಆಡಿಸಬಹುದಾ? ಬ್ಯಾಲೆನ್ಸಿಗೆ ಒಳ್ಳೆಯದಂತೆ.

ಖಂಡಿತ ಆಡಿಸಿ. ಕಿವಿಯೊಳಗಿನ ಸಮತೋಲನದ ಅಂಗಕ್ಕೆ ಜೋಕಾಲಿಗಿಂತ ಒಳ್ಳೆಯ ಆಟ ನಮ್ಮ ಕಡೆ ಇನ್ನೊಂದಿಲ್ಲ. ತಾನೇ ಕೂರಲು ಬರದ ಮಗುವನ್ನು ನಿಮ್ಮ ತೊಡೆಯ ಮೇಲೆ ಕೂರಿಸಿಕೊಂಡು ಸಣ್ಣದಾಗಿ ತೂಗಿ. ದೊಡ್ಡ ಮಗುವಾದರೆ ಹಗ್ಗ ಎರಡೂ ಕೈಯಲ್ಲಿ ಹಿಡಿಯಲಿ. ಮುಖ ಬಿಳಿಚಿದರೆ, ಬೆವೆತರೆ, ವಾಕರಿಸಿದರೆ ನಿಲ್ಲಿಸಿ. ಫಿಟ್ಸ್ ಬರುವ ಮಕ್ಕಳ ವಿಷಯದಲ್ಲಿ ಮೊದಲು ಡಾಕ್ಟರನ್ನು ಕೇಳಿ. ಭಯದಿಂದ ಅಳುವ ಮಗುವನ್ನು "ರೂಢಿಯಾಗುತ್ತೆ" ಅಂತ ಜೀಕಬೇಡಿ. ಕಾಲು ನೆಲಕ್ಕೆ ತಾಗುವಷ್ಟು ಕೆಳಗೆ ಕಟ್ಟಿಕೊಟ್ಟರೆ ಅದೇ ಧೈರ್ಯ ತಂದುಕೊಳ್ಳುತ್ತದೆ.

ಮಗ ಮೂರನೇ ಕ್ಲಾಸು. ಅಕ್ಷರ ಸರಿಯಿಲ್ಲ, ಒಂದು ಕಡೆ ಕೂರಲ್ಲ. ರಿಫ್ಲೆಕ್ಸ್ ಉಳಿದುಕೊಂಡಿದೆ, ಪ್ಯಾಕೇಜ್ ತಗೊಳ್ಳಿ ಅಂತ ಒಂದು ಕಡೆ ಹೇಳಿದರು.

ಈ ಪ್ರಶ್ನೆ ಈಗ ಜಾಸ್ತಿ ಬರುತ್ತಿದೆ. ದೊಡ್ಡ ಮಕ್ಕಳಿಗೆ ಈ ಟೆಸ್ಟ್ ಮಾಡುವುದು ಹೀಗೆ: ಮಂಡಿ ಮತ್ತು ಅಂಗೈ ಊರಿ ನಿಲ್ಲಿಸಿ, ತಲೆ ಬಲಕ್ಕೆ ತಿರುಗಿಸುತ್ತಾರೆ, ಎಡ ಮೊಣಕೈ ಮಡಚಿತಾ ನೋಡುತ್ತಾರೆ, ಮಡಚಿದರೆ ಎಟಿಎನ್‌ಆರ್ ಉಳಿದಿದೆ ಅನ್ನುತ್ತಾರೆ. ತಲೆ ಬಗ್ಗಿಸಿದರೆ ಎರಡೂ ಮೊಣಕೈ ಮಡಚಿದರೆ ಎಸ್‌ಟಿಎನ್‌ಆರ್ ಉಳಿದಿದೆ ಅನ್ನುತ್ತಾರೆ. ಆದರೆ ಚೆನ್ನಾಗಿ ಓದುವ, ಆಡುವ ಮಕ್ಕಳಲ್ಲೂ ಮೊಣಕೈ ಸ್ವಲ್ಪ ಮಡಚುವುದುಂಟು. ತೋಳಿನಲ್ಲಿ ಬಲ ಕಡಿಮೆಯಿದ್ದರೂ, ದಣಿದಿದ್ದರೂ ಮಡಚುತ್ತದೆ.

ಓದಿಗೂ ರಿಫ್ಲೆಕ್ಸಿಗೂ ನಂಟು ಇದೆಯಾ ಅಂತ ಹುಡುಕಿದವರಿದ್ದಾರೆ. 2000ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ, ಓದಲು ಕಷ್ಟವಿದ್ದ 60 ಮಕ್ಕಳ ಅಧ್ಯಯನ ಬಂತು. ಶಿಶುಗಳ ಚಲನೆಯನ್ನು ಮತ್ತೆ ಮತ್ತೆ ಮಾಡಿದ ಮಕ್ಕಳ ಓದು ಸುಧಾರಿಸಿತು ಅಂತ ಅದರಲ್ಲಿದೆ. ಅದು ಗಮನಿಸಬೇಕಾದ ಕೆಲಸವೇ. ಆದರೆ 60 ಮಕ್ಕಳ ಅಧ್ಯಯನದ ಮೇಲೆ ಪ್ರತಿ ಚಂಚಲ ಮಗುವಿಗೂ ಪ್ಯಾಕೇಜ್ ಬರೆದುಕೊಡಲು ಆಗುವುದಿಲ್ಲ. ಸಾಲ ಮಾಡಿ ದುಡ್ಡು ಕಟ್ಟುವ ಪಾಲಕರನ್ನು ನೋಡಿದಾಗ ನನಗೆ ತುಂಬ ಸಂಕಟವಾಗುತ್ತದೆ.

ಮೊದಲು ಕಣ್ಣು, ಕಿವಿ ತೋರಿಸಿ. ನಿದ್ದೆ ಎಷ್ಟು ಅಂತ ನೋಡಿ. ಕಲಿಕೆಯ ತೊಂದರೆ ಇದೆಯಾ ಅಂತ ಪರೀಕ್ಷೆ ಮಾಡಿಸಿ. ಆಮೇಲೆ ಅವನು ಬರೆಯುವ ಜಾಗ ನೋಡಿ. ದೊಡ್ಡವರ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕಾಲು ಜೋತಾಡುತ್ತಿದ್ದರೆ ಯಾವ ಮಗುವೂ ನೆಟ್ಟಗೆ ಕೂರುವುದಿಲ್ಲ. ಪಾದದ ಕೆಳಗೆ ಒಂದು ಮಣೆ ಇಡಿ, ಮೇಜು ಮೊಣಕೈ ಎತ್ತರಕ್ಕೆ ಬರಲಿ. ಇಷ್ಟಾದ ಮೇಲೂ ಕಷ್ಟ ಉಳಿದರೆ ಕರೆದುಕೊಂಡು ಬನ್ನಿ, ಬರೆಸಿ, ಗುಂಡಿ ಹಾಕಿಸಿ, ಚೆಂಡು ಹಿಡಿಸಿ ನೋಡೋಣ.

ದೊಡ್ಡವರಿಗೂ ಈ ಟೆಸ್ಟ್ ಇದೆಯಾ? ನಮ್ಮ ಅಪ್ಪನಿಗೆ ಲಕ್ವಾ ಹೊಡೆದಿದೆ.

ಇದೆ. ಮೆದುಳಿಗೆ ಪೆಟ್ಟಾದಾಗ ಅಂಗೈ ಹಿಡಿತದಂಥ ಹಳೆಯ ರಿಫ್ಲೆಕ್ಸ್ ಮತ್ತೆ ಕಾಣಿಸಿಕೊಳ್ಳಬಹುದು. ಹಿಡಿದ ಚೊಂಬು ಬಿಡಲು ಆಗದೆ ಒದ್ದಾಡುತ್ತಾರೆ. ಬ್ಯಾಲೆನ್ಸಿಗೆ ಬರ್ಗ್ ಸ್ಕೇಲ್ ಬಳಸುತ್ತೇವೆ, 14 ಕೆಲಸ, ಒಂದೊಂದಕ್ಕೆ 0ಯಿಂದ 4 ಅಂಕ.

ಆದರೆ ಇಳಕಲ್ಲಿನ ಅಥವಾ ಗುಳೇದಗುಡ್ಡದ ನೇಕಾರರಿಗೆ ಆ ಅಂಕ ಸಾಲದು. ಕುಣಿಮಗ್ಗದ ಅಂಚಿನಲ್ಲಿ ಕೂತು, ಕಾಲು ಕುಣಿಯೊಳಗೆ ಬಿಟ್ಟು ತುಳಿಯುತ್ತಾ, ಲಾಳಿ ಆ ಕಡೆ ಈ ಕಡೆ ಓಡಿಸಬೇಕು. ಪಾದಕ್ಕೆ ಗಟ್ಟಿ ನೆಲವಿಲ್ಲ, ಸೊಂಟವೇ ಎಲ್ಲವನ್ನೂ ಸಂಭಾಳಿಸಬೇಕು. ಹಾಗಾಗಿ ಮಂಚದ ಅಂಚಿನಲ್ಲಿ ಕೂರಿಸಿ, ಒಂದು ಪಾದ ಎತ್ತಿಸಿ, ಪಕ್ಕಕ್ಕೆ ಕೈ ಚಾಚಿಸಿ, ಎಷ್ಟು ದೂರ ಹೋಗಿ ತಾವೇ ವಾಪಸ್ ಬರುತ್ತಾರೆ ನೋಡುತ್ತೇನೆ. ಅಪ್ಪನ ಕೆಲಸ ಏನಿತ್ತು ಅಂತ ಮೊದಲ ದಿನವೇ ಹೇಳಿ.

ಟೆಸ್ಟಿಗೆ ಬರುವಾಗ ಏನು ತಯಾರಿ?

ಹಸಿದ, ನಿದ್ದೆಗೆಟ್ಟ ಮಗುವಿನಲ್ಲಿ ರಿಫ್ಲೆಕ್ಸ್ ಸರಿಯಾಗಿ ತಿಳಿಯುವುದಿಲ್ಲ. ಹಾಲು ಕುಡಿದ ಕೂಡಲೇ ಮಾಡಿದರೆ ಕಕ್ಕುತ್ತದೆ. ಕುಡಿಸಿ ಸ್ವಲ್ಪ ಹೊತ್ತಾದ ಮೇಲೆ ಮಾಡಿಸುವುದು ಒಳ್ಳೆಯದು. ಮಗು ಅತ್ತು ಕೆಂಪಾದರೆ ಅಂದಿನ ಫಲಿತಾಂಶ ನಾವೇ ನಂಬುವುದಿಲ್ಲ, ಇನ್ನೊಮ್ಮೆ ಕರೆಯುತ್ತೇವೆ. ಸಡಿಲ ಬಟ್ಟೆ, ಅದರ ಇಷ್ಟದ ಆಟಿಕೆ, ಮನೆಯಲ್ಲಿ ಆಡುವ ವಿಡಿಯೋ ತನ್ನಿ.

ದುಡ್ಡಿಲ್ಲದೆ ಎಲ್ಲಿ ತೋರಿಸಬಹುದು?

ಸರಕಾರದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ (ಆರ್‌ಬಿಎಸ್‌ಕೆ) 2013ರಲ್ಲಿ ಶುರುವಾಯಿತು. ಹುಟ್ಟಿನಿಂದ 18 ವರ್ಷದ ತನಕ ಉಚಿತ ತಪಾಸಣೆ ಇದರಡಿ ಬರುತ್ತದೆ. ತಂಡ ನಿಮ್ಮ ಊರಿನ ಅಂಗನವಾಡಿಗೆ, ಸರಕಾರಿ ಶಾಲೆಗೆ ಬರುತ್ತದೆ. ಹುಟ್ಟಿದ ಮಗುವನ್ನು ಆಶಾ ಕಾರ್ಯಕರ್ತೆ ಮನೆಗೇ ಬಂದು ನೋಡುತ್ತಾರೆ. ಅವರ ಎದುರಿಗೆ ನಿಮ್ಮ ಅನುಮಾನ ಬಾಯಿ ಬಿಟ್ಟು ಹೇಳಿ. "ಮಗು ಚೆನ್ನಾಗಿದೆ" ಅಂತ ನಾಚಿಕೆಗೆ ಹೇಳಿ ಕಳಿಸಬೇಡಿ. ಮುಂದಿನ ಚಿಕಿತ್ಸೆಗೆ ಜಿಲ್ಲಾ ಮಟ್ಟದಲ್ಲಿ ಡಿಇಐಸಿ (ಮಕ್ಕಳ ತೊಂದರೆಯನ್ನು ಬೇಗ ಗುರುತಿಸಿ ಚಿಕಿತ್ಸೆ ಶುರು ಮಾಡುವ ಜಿಲ್ಲಾ ಕೇಂದ್ರ) ಅನ್ನುವ ಕೇಂದ್ರಗಳ ವ್ಯವಸ್ಥೆ ಇದೆ. ಬಾಗಲಕೋಟೆ ನವನಗರದ ಜಿಲ್ಲಾ ಆಸ್ಪತ್ರೆಗೆ ಹೋದರೆ ಆರ್‌ಬಿಎಸ್‌ಕೆ, ಡಿಇಐಸಿ ಎಲ್ಲಿ ಅಂತ ಹೆಸರು ಹಿಡಿದೇ ಕೇಳಿ. ತಾಯಿ ಕಾರ್ಡ್, ಮಗುವಿನ ಹಳೆಯ ಚೀಟಿಗಳು, ಆಧಾರ್ ಜೊತೆಗಿರಲಿ. ಮೊದಲ ಸಲ ಬರುವಾಗ ಮಗುವನ್ನು ದಿನಾ ನೋಡಿಕೊಳ್ಳುವವರು ಯಾರೋ ಅವರೇ ಬಂದರೆ ಒಳ್ಳೆಯದು. ಮನೆಯಲ್ಲಿ ಏನು ಮಾಡಬೇಕು ಅಂತ ಕಲಿಸುವುದು ಅವರಿಗೇ.